ಲೀಡ್ ಫಾರ್ಮ್‌ನಲ್ಲಿ ಎಷ್ಟು ಫೀಲ್ಡ್ ಇರಬೇಕು?

ನಿಮ್ಮ ವೆಬ್‌ಸೈಟ್‌ನ ಫಾರ್ಮ್‌ನಲ್ಲಿ 9 ಫೀಲ್ಡ್ (ತುಂಬಬೇಕಾದ ಖಾನೆಗಳು) ಇವೆ, ಜನ ಅರ್ಧ ತುಂಬಿ ಬಿಟ್ಟು ಹೋಗುತ್ತಾರೆ, 3ಕ್ಕೆ ಇಳಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಳಿಸಿದರೆ ಸಾಮಾನ್ಯವಾಗಿ ಲೀಡ್, ಅಂದರೆ ಆಸಕ್ತಿ ತೋರಿ ಫಾರ್ಮ್ ತುಂಬಿದವರ ವಿವರಗಳು, ಜಾಸ್ತಿ ಬರುತ್ತವೆ. ವ್ಯಾಪಾರವೂ ಜಾಸ್ತಿ ಆಗುತ್ತೆ ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡೇ ಕೆಟ್ಟೆ.

ಹಿಂದೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಗ ಡೆಮೊ ಕೇಳುವ ಫಾರ್ಮ್ ನನ್ನ ಕೈಲಿತ್ತು. ಉದ್ದದ ಫಾರ್ಮ್ ಕಿತ್ತು ಹಾಕಿ ಹೆಸರು, ಇಮೇಲ್ ಎರಡೇ ಉಳಿಸಿದೆ. ಲೀಡ್ ಸುರಿಯತೊಡಗಿದವು. ತಿಂಗಳು ತುಂಬುವಷ್ಟರಲ್ಲಿ ಸೇಲ್ಸ್‌ನವರು ಮುಖ ಗಂಟಿಕ್ಕಿಕೊಂಡು ಬಂದರು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ನಮಗೇ ಏನೋ ಮಾರಲು ಬಂದವರು, ಸುಮ್ನೆ ನೋಡೋಣ ಅಂತ ಬಂದವರೇ ತುಂಬಿದ್ದರು.

ಆಮೇಲೆ ಒಂದು ಮಧ್ಯಾಹ್ನ ಸೇಲ್ಸ್ ಹುಡುಗನೊಬ್ಬನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಹಳೆಯ ಲೀಡ್‌ಗಳ ಶೀಟ್ ತೆಗೆಸಿದೆ. ಊರು, ಹುದ್ದೆ, 'ನಮ್ಮ ಬಗ್ಗೆ ಹೇಗೆ ತಿಳಿಯಿತು' ಇದ್ಯಾವುದನ್ನೂ ಅವನು ನೋಡುತ್ತಲೇ ಇರಲಿಲ್ಲವಂತೆ. ಫೋನ್ ಕಡ್ಡಾಯ ಮಾಡಿದ್ದೆವಲ್ಲ, ಆ ಕಾಲಂನಲ್ಲಿ ಎಲ್ಲಿ ನೋಡಿದರೂ 9999999999. ಅವನ ಬೆರಳು ನಿಂತಿದ್ದು ಒಂದೇ ಕಡೆ: 'ಎಷ್ಟು ಜನ ಬಳಸುತ್ತೀರಿ?' ಅದನ್ನು ನೋಡಿಯೇ ಯಾರಿಗೆ ಮೊದಲು ಕರೆ ಮಾಡಬೇಕು ಅಂತ ತೀರ್ಮಾನಿಸುತ್ತಿದ್ದ. ನಾನು ಅದನ್ನೂ ತೆಗೆದು ಹಾಕಿದ್ದೆ!

ಅಂದಿನಿಂದ ಪ್ರತಿ ಫೀಲ್ಡ್‌ಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದರ ಉತ್ತರ ಬದಲಾದರೆ ನಾವು ಮುಂದೆ ಮಾಡುವ ಕೆಲಸ ಬದಲಾಗುತ್ತದಾ? ಇಲ್ಲ ಅಂದರೆ ತೆಗೆಯಿರಿ. 'ಮುಂದೆ ಬೇಕಾಗಬಹುದು' ಅನ್ನೋದು ಕಾರಣವೇ ಅಲ್ಲ. ಬೇಕಾದಾಗ ಫೋನಿನಲ್ಲೇ ಕೇಳಬಹುದು ಅಲ್ವಾ?

ಕೆಲವೊಮ್ಮೆ ತೊಂದರೆ ಕೊಡುವುದು ಉದ್ದವಲ್ಲ, ಗೊಂದಲ ಹುಟ್ಟಿಸುವ ಒಂದೇ ಒಂದು ಫೀಲ್ಡ್. ಪ್ರವಾಸದ ಟಿಕೆಟ್, ಹೋಟೆಲ್ ಬುಕ್ ಮಾಡುವ ಎಕ್ಸ್‌ಪೀಡಿಯಾದ ಕಥೆ ಕೇಳಿರಬಹುದು. ಹಣ ಕಟ್ಟುವ ಫಾರ್ಮ್‌ನಲ್ಲಿ 'ಕಂಪನಿ' ಅಂತ ಒಂದು ಫೀಲ್ಡ್ ಇತ್ತು, ಕಡ್ಡಾಯವೂ ಆಗಿರಲಿಲ್ಲ. ಕೆಲವರು ಅಲ್ಲಿ ಬ್ಯಾಂಕಿನ ಹೆಸರು ಬರೆದರು, ಕೆಳಗೆ ಬ್ಯಾಂಕಿನದೇ ವಿಳಾಸ ಹಾಕಿದರು. ಕಾರ್ಡಿನ ವಿಳಾಸ ತಾಳೆಯಾಗದೆ ಪಾವತಿ ನಿಂತುಹೋಗುತ್ತಿತ್ತು. ಅದೊಂದನ್ನು ತೆಗೆದದ್ದಕ್ಕೆ ವರ್ಷಕ್ಕೆ 1.2 ಕೋಟಿ ಡಾಲರ್ ಲಾಭ ಹೆಚ್ಚಿತು ಅಂತ ಕಂಪನಿಯವರೇ ಹೇಳಿಕೊಂಡಿದ್ದರು.

ನೀವು ಏನು ಕೊಡುತ್ತೀರಿ ಅನ್ನೋದೂ ಮುಖ್ಯ. ಸುದ್ದಿಪತ್ರಕ್ಕೆ ಇಮೇಲ್ ಸಾಕು. ಪಿಡಿಎಫ್‌ಗೆ ಬೇಕಿದ್ದರೆ ಹೆಸರು ಸೇರಿಸಿ. ಬೆಲೆಯ ಅಂದಾಜು ಕೇಳುವವರು ಮಾತ್ರ 6-7 ಫೀಲ್ಡ್ ಆದರೂ ತುಂಬುತ್ತಾರೆ. ಸರಿಯಾದ ವಿವರ ಕೊಟ್ಟರೆ ಸರಿಯಾದ ಬೆಲೆ ಸಿಗುತ್ತೆ ಅಂತ ಅವರಿಗೂ ಗೊತ್ತು. ಉದ್ದ ಬೇಕೇ ಬೇಕು ಅಂದರೆ ಎರಡು ಹಂತ ಮಾಡಿ. ಮೊದಲು ಅವರಿಗೆ ಆಗಬೇಕಾದ ಕೆಲಸದ ಬಗ್ಗೆ ಕೇಳಿ, ಫೋನ್ ನಂಬರ್ ಕೊನೆಗೆ. ಯಾಕೆ ಕರೆ ಮಾಡುತ್ತೀರಿ ಅಂತ ಪಕ್ಕದಲ್ಲೇ ಒಂದು ಸಾಲು ಬರೆಯಿರಿ. ಮೊಬೈಲ್‌ನಲ್ಲಿ ಆ ಫೀಲ್ಡ್ ಮುಟ್ಟಿದಾಗ ಅಂಕಿಗಳ ಕೀಪ್ಯಾಡ್ ಬರುತ್ತದಾ ನೋಡಿ. ಎಷ್ಟೋ ಕಡೆ ಬರುವುದಿಲ್ಲ, ನನಗಂತೂ ಅಲ್ಲೇ ತಲೆ ಕೆಡುತ್ತದೆ.

ಬದಲಾಯಿಸಿದ ಮೇಲೆ ಸಬ್ಮಿಟ್ ಎಷ್ಟಾಯಿತು ಅಂತ ಮಾತ್ರ ಎಣಿಸಬೇಡಿ. ಅದರಲ್ಲಿ ಎಷ್ಟು ಜನ ನಿಜವಾಗಿ ಮಾತಿಗೆ ಸಿಕ್ಕರು ಅಂತ ಸೇಲ್ಸ್‌ನವರನ್ನು ಕೇಳಿ. ನಿಮ್ಮ 9 ಫೀಲ್ಡ್ ಯಾವುವು ಅಂತ ಬರೆದಿಲ್ಲ. ಪಟ್ಟಿ ಹಾಕಿ, ಯಾವುದನ್ನು ತೆಗೆಯಬಹುದು ಅಂತ ನೋಡಿ ಹೇಳುತ್ತೇನೆ.