ನಾಲಿಗೆಯ ಆಪರೇಷನ್ ಆದವರಿಗೆ ಅಂಗುಳದ ಪ್ಲೇಟ್‌ನಿಂದ ಮಾತು ಬರುತ್ತದೆಯೇ?

ಕ್ಯಾನ್ಸರ್‌ಗೆಂದು ತಂದೆಯವರ ಅರ್ಧ ನಾಲಿಗೆ ತೆಗೆದಿದ್ದಾರೆ, ಮಾತು ತಿಳಿಯುತ್ತಿಲ್ಲ, ನೀರು ಕುಡಿದರೆ ಕೆಮ್ಮು ಬರುತ್ತದೆ, ಅಂಗುಳಕ್ಕೆ ಪ್ಲೇಟ್ ಹಾಕಿಸಿದರೆ ಸರಿಹೋಗುತ್ತದೆಂದು ಯಾರೋ ಹೇಳುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಮಾತಿನ ಮಟ್ಟಿಗೆ ನಂಬಬಹುದು. ನನ್ನ ಬಾಯಲ್ಲೇ ಒಂದಿದೆ. ಇದು ಎರಡನೆಯದು, ಮೊದಲನೆಯದು ಎರಡು ವಾರಕ್ಕೇ ಕಪಾಟು ಸೇರಿತು.

ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುತ್ತಿದ್ದವನು. ಆಪರೇಷನ್ ಆದ ಮೇಲೆ ನನ್ನ ‘ಟೊಮೆಟೊ’ ಬರೀ ‘ಒಮೆಒ’ ಆಯಿತು. ಮಕಾರಕ್ಕೆ ತುಟಿ ಸಾಕು, ಟಕಾರಕ್ಕೆ ನಾಲಿಗೆಯ ತುದಿ ಅಂಗುಳ ಮುಟ್ಟಬೇಕು. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಕ, ಚ, ಟ, ತ, ಪ ಸಾಲುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ನಾಲಿಗೆಯ ಸೊತ್ತು ಎಂಬುದು ಐವತ್ತು ದಾಟಿದ ಮೇಲೆ ತಿಳಿಯಿತು!

ನಾಲಿಗೆ ಮೇಲಕ್ಕೆ ಏಳದಿದ್ದರೆ ಅಂಗುಳವನ್ನೇ ಕೆಳಕ್ಕೆ ಇಳಿಸುವುದು ಈ ಪ್ಲೇಟಿನ ಕೆಲಸ. ಹಲ್ಲಿನ ಸೆಟ್ಟಿನಂತೆ ಅಕ್ರಿಲಿಕ್‌ನಲ್ಲಿ ಮಾಡಿ, ತಂತಿಯ ಕೊಕ್ಕೆಗಳಿಂದ ಮೇಲಿನ ಹಲ್ಲುಗಳಿಗೆ ಸಿಕ್ಕಿಸುತ್ತಾರೆ. ಮೊದಲ ಸಲ ದವಡೆಯ ಅಚ್ಚು ತೆಗೆದುಕೊಂಡು, ದಪ್ಪವನ್ನು ಅಂದಾಜಿನಲ್ಲಿ ಮಾಡಿ ಕೊಟ್ಟಿದ್ದರು. ಬಾಯಲ್ಲಿ ಕಲ್ಲು ಇಟ್ಟುಕೊಂಡಂತಿತ್ತು. ಎರಡನೆಯ ಸಲ ದಂತವೈದ್ಯೆಯ ಪಕ್ಕದಲ್ಲಿ ಸ್ಪೀಚ್ ಥೆರಪಿಸ್ಟ್ ಕೂಡ ಕುಳಿತರು. ಪ್ಲೇಟಿನ ಮೇಲೆ ಮೆತ್ತನೆಯ ಪದಾರ್ಥ ಹಚ್ಚಿ ಬಾಯಿಗೆ ಇಟ್ಟರು. ‘ತಾತ’, ‘ಕಾಗೆ’, ‘ಟಗರು’ ಎನ್ನಿಸಿದರು, ಉಗುಳು ನುಂಗಿಸಿದರು. ತೆಗೆದು ನೋಡಿದರೆ ನಾಲಿಗೆ ಒತ್ತಿದ ಗುರುತು ಹಿಟ್ಟಿನ ಮೇಲೆ ಬೆರಳೊತ್ತಿದಂತೆ ಮೂಡಿತ್ತು. ಗುರುತು ಬೀಳದ ಕಡೆ ಇನ್ನಷ್ಟು ತುಂಬಿದರು, ಹೆಚ್ಚು ಒತ್ತಿದ ಕಡೆ ಕೆರೆದರು. ಆ ಆಕಾರವನ್ನೇ ಆಮೇಲೆ ಗಟ್ಟಿ ಮಾಡಿಕೊಟ್ಟರು. ಹೀಗೆ ಮಾತನಾಡಿಸಿ, ನುಂಗಿಸಿ ಅಳತೆ ತೆಗೆಯದವರ ಹತ್ತಿರ ಮಾಡಿಸಬೇಡಿ. ದಂತ ವೈದ್ಯಕೀಯ ಕಾಲೇಜಿನ ಪ್ರಾಸ್ಥೊಡಾಂಟಿಕ್ಸ್ (ಕೃತಕ ಹಲ್ಲು, ಪ್ಲೇಟ್ ಮಾಡಿಕೊಡುವ) ವಿಭಾಗದಲ್ಲಿ ವಿಚಾರಿಸಿ. ಪೂರ್ತಿ ನಾಲಿಗೆ ಹೋದವರಿಗೆ ಕೆಳದವಡೆಗೆ ಹಾಕುವ ಬೇರೆ ಬಗೆಯದೂ ಇದೆ.

ಮೇಲಿನ ಹಲ್ಲುಗಳನ್ನು ಜೋಪಾನ ಮಾಡಿ, ಕೊಕ್ಕೆಗೆ ಅವೇ ಆಧಾರ. ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಟ್ಟಿದ್ದರೆ ಕ್ಯಾನ್ಸರ್ ವೈದ್ಯರನ್ನು ಕೇಳದೆ ಒಂದು ಹಲ್ಲನ್ನೂ ಕೀಳಿಸಬೇಡಿ. ದವಡೆಯ ಮೂಳೆ ಮಾಯದೆ ಹೋಗಬಹುದು.

ನೀರಿನ ಕೆಮ್ಮಿನ ವಿಷಯ ಬೇರೆ. ಮುದ್ದೆಯ ತುತ್ತನ್ನು ಗಂಟಲಿಗೆ ತಳ್ಳಲು ನನಗೆ ಪ್ಲೇಟ್ ನೆರವಾಯಿತು, ನೀರಿಗೆ ಅಷ್ಟಾಗಿ ಅಲ್ಲ. ನೀರು ಸರಕ್ಕನೆ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ; ಗಟ್ಟಿ ಅಂಬಲಿ ನಿಧಾನವಾಗಿ ಹೋಗುವುದರಿಂದ ನನಗೆ ಅದೇ ಸಲೀಸಾಗಿತ್ತು. ನಿಮ್ಮ ತಂದೆಯವರಿಗೆ ಯಾವುದು ಹೊಂದುತ್ತದೆಂದು ನುಂಗುವ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ಕೆಲವರಿಗೆ ಕೆಮ್ಮೇ ಬರದೆ ನೀರು ಶ್ವಾಸಕೋಶ ಸೇರುತ್ತದೆ. ಪದೇ ಪದೇ ಜ್ವರ ಬರುತ್ತಿದ್ದರೆ ಪ್ಲೇಟಿನ ಮಾತು ಬದಿಗಿಟ್ಟು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ನಾನು ಈಗ ಹರಾಜು ಕೂಗುವುದಿಲ್ಲ, ಚೀಟಿ ಬರೆಯುತ್ತೇನೆ. ಫೋನಿನಲ್ಲಿ ದರ ಹೇಳಿದರೆ ರೈತರಿಗೆ ಅರ್ಥವಾಗುತ್ತದೆ. ‘ಮುಳಬಾಗಿಲು’ ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ.