ಅಕ್ಕನ ಮಜ್ಜೆ ಹೊಂದದಿದ್ದರೆ ಮುಂದೇನು?

ಪ್ರಶ್ನೆ: ನಮ್ಮ ಎಂಟು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಕೀಮೋಥೆರಪಿ ಆರಂಭವಾಗಿ ಇಪ್ಪತ್ತು ತಿಂಗಳಾಗುವಷ್ಟರಲ್ಲಿ ಅಸ್ಥಿಮಜ್ಜೆಯಲ್ಲಿ ಕಾಯಿಲೆ ಮರುಕಳಿಸಿದೆ. ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಆಕರಕೋಶಗಳ (ಸ್ಟೆಮ್ ಸೆಲ್) ಕಸಿ ಮಾಡಬೇಕೆಂದರು. ಮಗಳ ಪರೀಕ್ಷೆಯಲ್ಲಿ ಹೊಂದಾಣಿಕೆ ಕಂಡುಬರಲಿಲ್ಲ. ಇನ್ನೊಂದು ಮಗು ಮಾಡಿಕೊಳ್ಳಿ ಎಂದು ಹಿರಿಯರು ಹೇಳುತ್ತಿದ್ದಾರೆ. ನಾನು ಸೋದರಮಾವನನ್ನೇ ಮದುವೆಯಾದವಳು. ದಾನಿಯನ್ನು ಎಲ್ಲಿ ಹುಡುಕಲಿ?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಹೊಂದಿಸಿ ನೋಡುವುದು ರಕ್ತದ ಗುಂಪನ್ನಲ್ಲ, ಕೋಶಗಳ ಮೇಲಿರುವ ಎಚ್.ಎಲ್.ಎ. ಎಂಬ ಗುರುತುಗಳನ್ನು. ಇವುಗಳಲ್ಲಿ ಅರ್ಧ ತಾಯಿಯಿಂದ ಒಂದು ಗಂಟಾಗಿ, ಅರ್ಧ ತಂದೆಯಿಂದ ಇನ್ನೊಂದು ಗಂಟಾಗಿ ಮಗುವಿಗೆ ಬರುತ್ತವೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಕೊನೆಗೆ ಬರೆದಿರುವ ಮದುವೆಯ ಮಾತು. ನಿಮ್ಮ ತಾಯಿಯೂ ಪತಿಯೂ ಒಡಹುಟ್ಟಿದವರಾದ್ದರಿಂದ ನಿಮ್ಮಲ್ಲಿಯೂ ಪತಿಯಲ್ಲಿಯೂ ಒಂದು ಗಂಟು ಒಂದೇ ಆಗಿರಬಹುದು. ಹಾಗಿದ್ದು, ನಿಮ್ಮಿಂದ ಆ ಗಂಟೂ ತಂದೆಯಿಂದ ಅವರ ಇನ್ನೊಂದು ಗಂಟೂ ಮಗನಿಗೆ ಬಂದಿದ್ದರೆ, ತಂದೆಯೇ ಪೂರ್ಣ ಹೊಂದಾಣಿಕೆಯ ದಾನಿಯಾಗುತ್ತಾರೆ. ಆದ್ದರಿಂದ ನಿಮ್ಮಿಬ್ಬರ ಪರೀಕ್ಷೆ ಮೊದಲು ಆಗಲಿ. ಅಜ್ಜಿ, ಸೋದರಮಾವಂದಿರು, ಚಿಕ್ಕಮ್ಮಂದಿರನ್ನೂ ಪರೀಕ್ಷಿಸುವ ಮಾತನ್ನು ವೈದ್ಯರ ಮುಂದಿಡಿ. ಈ ಮದುವೆಯಿಂದಲೇ ಕಾಯಿಲೆ ಬಂತೆಂದು ಯಾರಾದರೂ ಚುಚ್ಚಿದರೆ ಕಿವಿಗೊಡಬೇಡಿ, ಎ.ಎಲ್.ಎಲ್. ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುವ ಕಾಯಿಲೆಯಲ್ಲ.

ಹೊರಗಿನ ದಾನಿಗಾಗಿ ನೋಂದಣಿ ಸಂಸ್ಥೆಗಳಿವೆ: ಚೆನ್ನೈನ ದಾತ್ರಿ, ಬೆಂಗಳೂರಿನ ಡಿ.ಕೆ.ಎಂ.ಎಸ್. ಪ್ರತಿಷ್ಠಾನ ಮುಂತಾದವು. ಅಲ್ಲಿ ಹುಡುಕುವುದು ಕುಟುಂಬವಲ್ಲ, ಕಸಿ ಕೇಂದ್ರ. ನಮ್ಮ ಜನಸಂಖ್ಯೆಗೆ ಹೋಲಿಸಿದರೆ ನೋಂದಾಯಿಸಿಕೊಂಡವರು ಬಹಳ ಕಡಿಮೆ. ಹೆಸರು ಸಿಕ್ಕರೂ ಮರುಪರೀಕ್ಷೆ, ದಾನಿಯ ಆರೋಗ್ಯ ತಪಾಸಣೆ ಮತ್ತು ಒಪ್ಪಿಗೆ ಎಂದು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಉರುಳುತ್ತವೆ. ವಾಟ್ಸಾಪ್ ಮನವಿಯಿಂದ ಹೊಸಬರು ನೋಂದಾಯಿಸಿಕೊಂಡರೆ ಒಳ್ಳೆಯದೇ, ಆದರೆ ಅದರ ಫಲ ಹೆಚ್ಚಾಗಿ ಮುಂದೆಂದೋ ಬೇರೊಂದು ಮಗುವಿಗೆ ದಕ್ಕುತ್ತದೆ.

ಪೂರ್ಣ ಹೊಂದಾಣಿಕೆ ಯಾರಲ್ಲೂ ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ತಂದೆತಾಯಿ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಹೊಂದುತ್ತಾರೆ. ಹಿಂದೆ ಇಂಥ ಕಸಿಯಲ್ಲಿ ದಾನಿಯ ಟಿ ಕೋಶಗಳು, ಅಂದರೆ ಪರಕೀಯವೆಂದು ಕಂಡದ್ದನ್ನು ಕೊಲ್ಲುವ ರಕ್ಷಣಾ ಕೋಶಗಳು, ಮಗುವಿನ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿಬೀಳುವ ಭಯ ಬಹಳವಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಬೆಳೆಸಿದ ವಿಧಾನದಲ್ಲಿ, ಕಸಿಯಾದ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಕೊಡುತ್ತಾರೆ. ಮಗುವಿನ ಅಂಗಾಂಶವನ್ನು ಕಂಡು ಕೆರಳಿ ವೇಗವಾಗಿ ವೃದ್ಧಿಸುತ್ತಿರುವ ಟಿ ಕೋಶಗಳು ಅದಕ್ಕೆ ಬಲಿಯಾಗುತ್ತವೆ. ಆಕರಕೋಶಗಳು ಆ ಔಷಧವನ್ನು ಒಡೆಯುವ ಕಿಣ್ವವನ್ನು ಹೇರಳವಾಗಿ ಹೊಂದಿರುವುದರಿಂದ ಉಳಿದುಕೊಳ್ಳುತ್ತವೆ. ಔಷಧ ಹಳೆಯದು, ದುಬಾರಿಯೂ ಅಲ್ಲ. ಯಂತ್ರದಲ್ಲಿ ಟಿ ಕೋಶಗಳನ್ನು ಸೋಸಿ ತೆಗೆಯುವ ಇನ್ನೊಂದು ವಿಧಾನವಿದೆ, ಅದರ ವೆಚ್ಚ ಮಾತ್ರ ಹೆಚ್ಚು. ಯಾರನ್ನು ಆರಿಸುವ ಮುನ್ನವೂ ಆ ದಾನಿಯ ಗುರುತುಗಳ ವಿರುದ್ಧ ಮಗನ ರಕ್ತದಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡಬೇಕು.

ಪತಿಗೆ ಭಯವಿದ್ದರೆ ಹೇಳಿ: ಸಾಮಾನ್ಯವಾಗಿ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಪ್ಲೇಟ್‌ಲೆಟ್ ತೆಗೆಯುವಂತೆ ಒಂದು ತೋಳಿನ ರಕ್ತವನ್ನು ಯಂತ್ರಕ್ಕೆ ಹರಿಸಿ, ಆಕರಕೋಶಗಳನ್ನು ತೆಗೆದು, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಮೂಳೆ ನೋವು ಕೆಲವು ದಿನ ಕಾಡಬಹುದು, ಮೂಳೆ ಕೊಯ್ಯುವುದಿಲ್ಲ.

ಇನ್ನೊಂದು ಮಗುವಿನ ಆಲೋಚನೆ ಬೇಡ. ಒಂಬತ್ತು ತಿಂಗಳು ಕಾದರೂ ಅದೇ ನಾಲ್ಕರಲ್ಲೊಂದು ಸಾಧ್ಯತೆ, ಮರುಕಳಿಸಿದ ಕಾಯಿಲೆ ಅಷ್ಟು ದಿನ ಕಾಯುವುದಿಲ್ಲ. ಕಸಿಗೆ ಮುನ್ನ ಕಾಯಿಲೆ ಹತೋಟಿಗೆ ಬಂದಿರಬೇಕು, ಎಂ.ಆರ್.ಡಿ. ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶದ ಸುಳಿವೂ ಇಲ್ಲದಿದ್ದರೆ ಉತ್ತಮ. ಆ ಹದ ಬಂದಾಗ ಅರ್ಧ ಹೊಂದುವ ತಂದೆ ಸಿದ್ಧರಿದ್ದರೆ, ಎಲ್ಲೋ ಇರಬಹುದಾದ ಪೂರ್ಣ ಹೊಂದಾಣಿಕೆಗಾಗಿ ಕಾಯುತ್ತಾ ಹದ ಕಳೆದುಕೊಳ್ಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮಗಳ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇಟ್ಟಿದ್ದೇವೆ. ಅವಳಿಗೆ ಈಗ ರಕ್ತದ ಕ್ಯಾನ್ಸರ್ ಮರುಕಳಿಸಿದೆ. ಅದನ್ನೇ ಬಳಸಬಹುದೇ?
— ದಾವಣಗೆರೆಯ ಓದುಗರು

ಉತ್ತರ: ಬಳಸುವುದಿಲ್ಲ. ಕಾಯಿಲೆಯ ಬೀಜ ಹುಟ್ಟುವಾಗಲೇ ಆ ರಕ್ತದಲ್ಲಿ ಇದ್ದಿರಬಹುದು. ಅಲ್ಲದೆ ಉಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುವ ಗುಣ ಸ್ವಂತ ಕೋಶಗಳಿಗಿಲ್ಲ. ಬೇರೆ ಶಿಶು ದಾನ ಮಾಡಿದ ಹೊಕ್ಕುಳಬಳ್ಳಿಯ ರಕ್ತದ ಮಾತು ಬೇರೆ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಒಬ್ಬ ಬಾಲಕನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತದಿಂದ ಕಸಿ ಮಾಡಿದರು. ಒಂದು ಚೀಲದಲ್ಲಿ ಕೋಶಗಳು ಕಡಿಮೆ ಇರುವುದರಿಂದ ಹೊಸ ಮಜ್ಜೆ ಚಿಗುರುವುದು ನಿಧಾನ. ಆದ್ದರಿಂದ ಮೊದಲು ನಿಮ್ಮಿಬ್ಬರ ಎಚ್.ಎಲ್.ಎ. ಪರೀಕ್ಷೆಯನ್ನೇ ಕೇಳಿ ಮಾಡಿಸಿ.