ಮ್ಯಾಂಡೊಲಿನ್ ತಾಳ ಹಿಡಿಯುವ ಹೊತ್ತು

ಪ್ರಶ್ನೆ: ನಾನು ಹಲವು ವರ್ಷಗಳಿಂದ ವೀಣೆ ಅಭ್ಯಾಸ ಮಾಡುತ್ತಿದ್ದೇನೆ. ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್ ಕಛೇರಿಗಳೆಂದರೆ ನನಗೆ ಬಹಳ ಪ್ರೀತಿ. ಅಮೆರಿಕದಲ್ಲಿರುವ ಮಗ ಬಿಲ್ ಮನ್ರೋ ಎಂಬ ಮ್ಯಾಂಡೊಲಿನ್ ವಾದಕರ ಹಳೆಯ ಬ್ಲೂಗ್ರಾಸ್ (ಅಲ್ಲಿನ ಗ್ರಾಮೀಣ ತಂತಿವಾದ್ಯ ಸಂಗೀತ) ಧ್ವನಿಮುದ್ರಣಗಳನ್ನು ಕಳುಹಿಸಿದ್ದಾನೆ. ಅವುಗಳಲ್ಲಿ ಸ್ವರವನ್ನು ಅಲುಗಿಸುವ, ಜಾರಿಸುವ ನಮ್ಮ ಗಮಕವಿಲ್ಲ, ಬರೀ ವೇಗವಿದೆ. ನಡುನಡುವೆ ‘ಟಕ್ ಟಕ್’ ಎಂಬ ಒಣ ಸದ್ದು ಬೇರೆ. ಇವನ್ನು ಹೇಗೆ ಕೇಳಬೇಕು?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ತಮಗೆ ಒಣ ಎನಿಸಿದ ಆ ಸದ್ದಿನಿಂದಲೇ ಕೇಳಲು ಆರಂಭಿಸಿ ಎಂಬುದು ನನ್ನ ಸಲಹೆ. ಬ್ಲೂಗ್ರಾಸ್‌ಗೆ ರೂಪ ಕೊಟ್ಟ ಮನ್ರೋ ಅವರ 1940ರ ದಶಕದ ತಂಡದಲ್ಲಿ ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೊ, ಗಿಟಾರ್ ಮತ್ತು ದೊಡ್ಡ ಬಾಸ್ ಇದ್ದವೇ ಹೊರತು ಮೃದಂಗದ ಸ್ಥಾನದಲ್ಲಿ ಕೂರುವ ತಾಳವಾದ್ಯ ಇರಲಿಲ್ಲ. ಆ ಕೆಲಸದ ಅರ್ಧ ಭಾಗವನ್ನು ಮ್ಯಾಂಡೊಲಿನ್ ವಹಿಸಿಕೊಂಡಿತು. ವಾದಕನು ತಂತಿಗಳನ್ನು ಒಟ್ಟಿಗೆ ಹೊಡೆದು, ಮರುಕ್ಷಣವೇ ಎಡಗೈ ಬೆರಳುಗಳ ಒತ್ತಡವನ್ನು ಸಡಿಲಿಸಿ ನಾದವನ್ನು ಕತ್ತರಿಸುತ್ತಾನೆ. ಇದಕ್ಕೆ ಅವರಲ್ಲಿ ‘ಚಾಪ್’ ಎಂದು ಹೆಸರು. ತಾವು ಕೈಯಲ್ಲಿ ತಾಳ ಹಾಕುತ್ತ ಕೇಳಿದರೆ, ಬಾಸ್ ತಮ್ಮ ಘಾತದೊಡನೆ ಬೀಳುವುದೂ ಚಾಪ್ ತಮ್ಮ ಕೈ ಮೇಲೇಳುವಾಗ ಬೀಳುವುದೂ ಸ್ಪಷ್ಟವಾಗಿ ತಿಳಿಯುತ್ತದೆ. ಇಷ್ಟು ಹಿಡಿತಕ್ಕೆ ಸಿಕ್ಕಿದರೆ ಉಳಿದ ವಾದ್ಯಗಳು ಎಷ್ಟೇ ವೇಗದಲ್ಲಿ ಓಡಿದರೂ ಕಿವಿ ಗಾಬರಿಗೊಳ್ಳುವುದಿಲ್ಲ.

ಗಮಕದ ಮಾತಿಗೆ ಬರೋಣ. ಶ್ರೀನಿವಾಸ್ ಅವರು ಜೋಡಿ ತಂತಿಗಳನ್ನು ಬಿಟ್ಟು, ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ನಮ್ಮ ಗಮಕಗಳಿಗೆ ದಾರಿ ಮಾಡಿಕೊಂಡರು. ಮನ್ರೋ ನುಡಿಸಿದ್ದು 1923ರಲ್ಲಿ ತಯಾರಾದ, ವಿನ್ಯಾಸಕ ಲಾಯ್ಡ್ ಲೋರ್ ಅವರ ಸಹಿಯಿದ್ದ, ಗಿಬ್ಸನ್ ಕಂಪನಿಯ ಎಫ್-5 ಎಂಬ ಮರದ ವಾದ್ಯ. ಅದರ ಬಿಗಿಯಾದ ಜೋಡಿ ತಂತಿಗಳನ್ನು ವೀಣೆಯ ತಂತಿಯಂತೆ ಎಳೆಯುವುದು ಕಷ್ಟ, ನಾದವೂ ಬೇಗ ಆರುತ್ತದೆ. ಆದ್ದರಿಂದ ಅವರು ತಮ್ಮ ಕಲೆಯನ್ನೆಲ್ಲ ಮೀಟಿನಲ್ಲಿ ಇಟ್ಟರು. ಕೆಳಗೆ ಹೊಡೆದ ಮೀಟಿಗೂ ಮೇಲಕ್ಕೆ ಹೊಡೆದ ಮೀಟಿಗೂ ಇರುವ ತೂಕದ ವ್ಯತ್ಯಾಸವನ್ನು ವೈಣಿಕರಾದ ತಾವು ಬೇರೆ ಶ್ರೋತೃಗಳಿಗಿಂತ ಬೇಗ ಗುರುತಿಸುವಿರಿ.

ಆದರೂ ಗಮಕವನ್ನೇ ಅರಸುವ ಕಿವಿಗೆ ಅಲ್ಲಿ ಒಂದು ಜಾಗವಿದೆ. ಕೆಂಟಕಿ ರಾಜ್ಯದ ರೋಜೀನ್ ಎಂಬ ಊರಿನಲ್ಲಿ 1911ರಲ್ಲಿ ಹುಟ್ಟಿದ ಮನ್ರೋ, ಪಿಟೀಲು ನುಡಿಸುತ್ತಿದ್ದ ಸೋದರಮಾವನಿಂದ ಕುಣಿತದ ಮಟ್ಟುಗಳನ್ನು ಕಲಿತಂತೆಯೇ, ಆರ್ನಲ್ಡ್ ಶುಲ್ಟ್ಜ್ ಎಂಬ ಕಪ್ಪುವರ್ಣೀಯ ಗಿಟಾರ್ ವಾದಕರಿಂದ ಅಮೆರಿಕದ ಕಪ್ಪುವರ್ಣೀಯರ ನೋವಿನ ಹಾಡುಗಳಾದ ಬ್ಲೂಸ್ ಸಂಗೀತದ ಸ್ವಭಾವವನ್ನೂ ಪಡೆದುಕೊಂಡರು. ಅವರ ನುಡಿಕೆಯಲ್ಲಿ ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರಕ್ಕೆ, ಅಂದರೆ ತಗ್ಗಿನ ‘ಗ’ದಿಂದ ಅದರ ಮೇಲಿನ ‘ಗ’ಕ್ಕೆ, ಜಾರುವ ಎಡೆಗಳನ್ನು ಗಮನಿಸಿ. ಅದು ಕ್ಷಣಮಾತ್ರದ ಜಾರು. ನನಗಂತೂ ಆ ಸಂಗೀತದ ನೋವೆಲ್ಲ ಅಲ್ಲಿಯೇ ಇದೆ ಎನಿಸುತ್ತದೆ.

ಮೊದಲು 1947ರಲ್ಲಿ ಮುದ್ರಿತವಾದ ‘ಬ್ಲೂಗ್ರಾಸ್ ಬ್ರೇಕ್‌ಡೌನ್’ ಕೇಳಿ. ಅದರಲ್ಲಿ ಹಾಡಿಲ್ಲ, ಮ್ಯಾಂಡೊಲಿನ್ನೇ ಮುಂದಾಳು. ಬಳಿಕ ‘ಬ್ಲೂ ಮೂನ್ ಆಫ್ ಕೆಂಟಕಿ’ಯ ಎರಡು ಮುದ್ರಣಗಳನ್ನು ಒಂದರ ಹಿಂದೊಂದು ಕೇಳಿ. 1946ರದ್ದು ಉದ್ದಕ್ಕೂ ನಿಧಾನವಾದ ಮೂರರ ನಡೆಯಲ್ಲಿ, ಅಂದರೆ ಮೂರು ಮೂರು ಎಣಿಕೆಯ ಲಯದಲ್ಲಿ, ಇದೆ. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಅದನ್ನು ನಾಲ್ಕರ ನಡೆಯಲ್ಲಿ ಹಾಡಿದ ಮೇಲೆ, ಮನ್ರೋ ಅದೇ ವರ್ಷ ಮತ್ತೆ ಮುದ್ರಿಸಿ, ಮೂರರಲ್ಲಿ ತೊಡಗಿ ಚುರುಕಾದ ನಾಲ್ಕಕ್ಕೆ ಹೊರಳಿದರು. ಆ ಹೊರಳುವಿಕೆಯಲ್ಲಿ ಮ್ಯಾಂಡೊಲಿನ್ ಏನು ಮಾಡುತ್ತದೆ ಎಂಬುದನ್ನೇ ಹಿಂಬಾಲಿಸಿ. ಅಂದಿನ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ವಿಸ್ತಾರವಾದ ಆಲಾಪನೆಯನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಮ್ಯಾಂಡೊಲಿನ್ನಿನಲ್ಲಿ ಒಂದೇ ಸ್ವರಕ್ಕೆ ಎರಡೆರಡು ತಂತಿಗಳೇಕೆ?
– ವಿದ್ಯಾರ್ಥಿ, ಮಂಡ್ಯ

ಉತ್ತರ: ಮುಖ್ಯವಾಗಿ ಧ್ವನಿಯ ಬಲಕ್ಕಾಗಿ. ಪಿಟೀಲಿನ ನಾಲ್ಕು ಶ್ರುತಿಗಳೇ ಇಲ್ಲಿಯೂ ಇವೆ, ತಂತಿಗಳು ಮಾತ್ರ ಎಂಟು. ನಮ್ಮ ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ಮಾಡಿಕೊಂಡದ್ದೂ ಧ್ವನಿವರ್ಧಕವಿಲ್ಲದ ಸಭೆಯಲ್ಲಿ ದೂರ ಕುಳಿತವರಿಗೆ ಕೇಳಿಸಲೆಂದೇ. ಜೋಡಿಯ ಎರಡು ತಂತಿಗಳ ಶ್ರುತಿ ಕೂದಲೆಳೆಯಷ್ಟು ಬೇರೆಯಾದರೂ ನಾದ ಅಲೆಯಂತೆ ಕಂಪಿಸುತ್ತದೆ. ಹಳೆಯ ಮುದ್ರಣಗಳಲ್ಲಿ ಅದು ಕೇಳಿಬಂದರೆ ಯಂತ್ರದ ದೋಷವೆಂದು ತಿಳಿಯಬೇಕಾಗಿಲ್ಲ.